ಅತ್ತೆ ಬಾಡಿಗೆಗೆ ಬಂದದ್ದು

ಹನ್ನೊಂದು ತಿರುವು ಹತ್ತಿ ಸುಸ್ತಾದ ಬಸ್ಸು ಎಲ್ಲಿ ನಿಂತು ಉಸ್ಸೆನ್ನುತ್ತದೋ ಅಲ್ಲೇ ಆ ಊರು. ಅದರಾಚೆ ಕಲ್ಲು, ಹುಲ್ಲು, ಆಮೇಲೆ ಆಕಾಶ. ಎಲ್ಲ ಸೇರಿ ಮೂವತ್ತು ಮನೆ. ಬೇಸಿಗೆ ಬಂತೆಂದರೆ ಅದರಲ್ಲಿ ಹತ್ತು ಮನೆಯವರು ತಮ್ಮ ಮನೆಯಲ್ಲಿ ತಾವಿರುವುದಿಲ್ಲ. ಕೆಳಗಿನ ಪಟ್ಟಣದಿಂದ ಮಕ್ಕಳುಮರಿ ಕಟ್ಟಿಕೊಂಡು ರಜೆಗೆ ಬರುವ ಸಂಸಾರಗಳಿಗೆ ಮನೆ ಬಿಟ್ಟುಕೊಟ್ಟು, ತಾವು ಹಿತ್ತಲ ಕೊಟ್ಟಿಗೆಯ ಅಟ್ಟ ಹತ್ತಿಬಿಡುತ್ತಾರೆ. ಬಂದವರು ಅದನ್ನು ಕಾಟೇಜು ಅನ್ನುತ್ತಾರೆ. ಬಿಟ್ಟುಕೊಟ್ಟವರಿಗೆ ಅದು ಮನೆಯೇ. ಹೆಸರಲ್ಲೇನಿದೆ, ಸೋರುವಾಗ ಎರಡೂ ಒಂದೇ ತರ ಸೋರುತ್ತವೆ.

ಆ ಹತ್ತರಲ್ಲೊಂದು ಮನೆಯ ಬೀಗದ ಕೈ ಇಟ್ಟುಕೊಂಡವಳನ್ನು ಊರವರು ಬೀಗದಕ್ಕ ಅನ್ನುತ್ತಾರೆ. ಇಪ್ಪತ್ತೆರಡು ವರ್ಷದ ಹಿಂದೆ ಸೊಸೆಯಾಗಿ ಬಂದವಳು. ಮದುವೆಯಾಗಿ ತಿಂಗಳು ತುಂಬಿರಲಿಲ್ಲ, ಒಂದು ಬೆಳಿಗ್ಗೆ ಅತ್ತೆ ಬಂದು ದೊಡ್ಡ ಬುಟ್ಟಿಯೊಂದನ್ನು ಅವಳ ಮುಂದೆ ಕುಕ್ಕಿದರು.

"ನಿನ್ನ ಬಟ್ಟೆಬರೆ ಎಲ್ಲ ಇದಕ್ಕೆ ತುಂಬು. ನಾಳೆ ನೆಂಟರು ಬರ್ತಾರೆ."

"ಯಾರ ಕಡೆ ನೆಂಟರು ಅತ್ತೆ?"

"ದುಡ್ಡಿನ ಕಡೆ."

ಅವತ್ತು ಸಂಜೆ ಹೊಸ ಮದುಮಗಳು ಕೊಟ್ಟಿಗೆಯ ಅಟ್ಟದಲ್ಲಿ, ಕೆಳಗೆ ಎರಡು ಹಸು, ಮೇಲೆ ಒಂದು ಗೂಬೆ ಇಟ್ಟುಕೊಂಡು ಮಲಗಿದಳು. ತವರಿಂದ ನೋಡಲು ಬಂದ ಅಣ್ಣ ಇದನ್ನು ಕಂಡು, "ನಿನ್ನನ್ನ ಮನೆಗೆ ಕೊಟ್ಟೆವೋ ಕೊಟ್ಟಿಗೆಗೆ ಕೊಟ್ಟೆವೋ?" ಎಂದು ಕಣ್ಣು ಕೆಂಪು ಮಾಡಿದ. ಅತ್ತೆ ಅವನ ಕೈಗೊಂದು ಲೋಟ ಹಾಲು ಕೊಟ್ಟು, "ಬೇಸಿಗೆಗೆ ಕೊಟ್ಟಿಗೆ, ಚಳಿಗಾಲಕ್ಕೆ ಮನೆ. ಎರಡೂ ನಮ್ಮದೇ. ನಿಮ್ಮೂರಲ್ಲಿ ಯಾರಿಗೆ ಎರಡೆರಡು ಮನೆ ಇದೆ ಹೇಳಪ್ಪ," ಅಂದರು. ಅವನು ಹಾಲು ಕುಡಿದು ಬಸ್ಸು ಹತ್ತಿದ.

ಬಾಯಿ ಎಷ್ಟು ಸಡಿಲವೋ ಕಟ್ಟಳೆ ಅಷ್ಟು ಬಿಗಿ ಆ ಅತ್ತೆಯದು. ಬೀಗದ ಕೈ ಒಮ್ಮೆ ಬಾಡಿಗೆಯವರ ಕೈಗೆ ಹೋಯಿತೋ, ಅವರು ಕರೆಯದೆ ಮನೆಯವರು ಯಾರೂ ಹೊಸ್ತಿಲು ದಾಟುವಂತಿಲ್ಲ. ಬಾಡಿಗೆಯವರು ಇನ್ನೂ ಬಂದಿಲ್ಲ, ಬರುತ್ತೇವೆ ಎಂದು ಫೋನಿನಲ್ಲಿ ಮಾತು ಕೊಟ್ಟಿದ್ದಾರೆ ಅಷ್ಟೇ ಎಂದರೂ ಸರಿ, ಮನೆ ಅವರದೇ. ಅವರು ಬರುವವರೆಗೆ ಕೀಲಿ ಇಟ್ಟುಕೊಂಡವರೊಬ್ಬರು ಮಾತ್ರ ಕಸ ಹೊಡೆಯಲು, ಒಲೆ ಹಚ್ಚಲು ಹೋಗಬಹುದು. ಉಳಿದವರಿಗೆ ಅದು ಪರರ ಮನೆ. ಅತ್ತೆ ತಾವು ಹರೆಯದಲ್ಲಿದ್ದಾಗ ಒಮ್ಮೆ, ಒಳಗೆ ಮರೆತ ಜರಡಿ ತರಲೆಂದು ದಡಬಡ ಒಳಗೆ ನುಗ್ಗಿ, ಬಾಡಿಗೆಯ ಗಂಡಹೆಂಡಿರು ತಟ್ಟೆ ಎಸೆದಾಡುವುದನ್ನು ಕಂಡಿದ್ದರಂತೆ. ಅವರು ನಾಚಿಕೆಗೆ ಅವತ್ತೇ ಗಂಟುಮೂಟೆ ಕಟ್ಟಿದರು. "ತಟ್ಟೆ ನಂದೇ. ಆದರೂ ಕೇಳೋ ಹಾಗಿರಲಿಲ್ಲ. ಕರೆಯದೆ ಹೋದೋಳು ನಾನಲ್ವಾ," ಎಂದು ಹೇಳುತ್ತಿದ್ದರು. ಆವತ್ತಿನಿಂದ ಕಟ್ಟಳೆ. ಮಂಡಿ ನೋವು ಶುರುವಾದ ವರ್ಷ ಕೀಲಿಯನ್ನು ಸೊಸೆಯ ಕೈಗಿಟ್ಟರು. "ಇನ್ನು ಮೇಲೆ ನಿನ್ನ ಮಾತೇ ಮಾತು. ನನಗೂ." ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುತ್ತಾರಲ್ಲ, ಆ ಕಾಲ ಜಗಳವಿಲ್ಲದೆ, ಒಂದು ಕೀಲಿಯಷ್ಟು ಸದ್ದು ಮಾಡಿ ಬದಲಾಯಿತು.

ಇನ್ನು ಅವಳ ಗಂಡ. ಊರಿಗೆ ಅವನು ಮೇಸ್ತ್ರಿ. ಮೇಲಿನ ಕಣಿವೆಯ ರಸ್ತೆ ಪ್ರತಿ ಚಳಿಗಾಲವೂ ಹಿಮದ ಕೆಳಗೆ ಒಡೆಯುತ್ತದೆ, ಪ್ರತಿ ಬೇಸಿಗೆಯೂ ಅದನ್ನು ಹೊಲಿಯಬೇಕು. ಹಿಮ ಕರಗಿದಾಗ ಇಪ್ಪತ್ತು ಆಳು ಕಟ್ಟಿಕೊಂಡು ಮೇಲೆ ಹೋದರೆ, ಹಿಮ ಬಿದ್ದಾಗಲೇ ಇಳಿಯುತ್ತಿದ್ದ. ಅಲ್ಲಿಯವರೆಗೆ ಫೋನೂ ಇಲ್ಲ, ಪತ್ರವೂ ಇಲ್ಲ. ಹಾಗಾಗಿ ಇಪ್ಪತ್ತೆರಡು ಬೇಸಿಗೆಯಲ್ಲಿ ಬಂದುಹೋದ ನೂರಾರು ಬಾಡಿಗೆಯವರಲ್ಲಿ ಒಬ್ಬರೂ ಅವನ ಮುಖ ನೋಡಿದ್ದಿಲ್ಲ.

"ಯಜಮಾನರು ಕಾಣ್ತಿಲ್ಲ?" ಎಂದು ಎಲ್ಲರೂ ಕೇಳುವವರೇ.

"ಮೇಲೆ ಹೋಗಿದ್ದಾರೆ. ಹಿಮ ಬೀಳೋ ಹೊತ್ತಿಗೆ ಬರ್ತಾರೆ," ಎಂದು ಅವಳು ಹೇಳುವವಳೇ. ಒಲೆ ಇಲ್ಲಿದೆ, ಹಾಸಿಗೆ ಅಲ್ಲಿದೆ ಅನ್ನುವ ಸಾಲಿನಲ್ಲೇ ಅದೂ ಬಂದುಬಿಡುತ್ತಿತ್ತು.

ಆ ವರ್ಷ ಮೇಸ್ತ್ರಿ ಮೇಲೆ ಹೋಗಲಿಲ್ಲ. ಹೊರಡಲು ಇನ್ನೆಂಟು ದಿನ ಇದೆ ಅನ್ನುವಾಗ ಜ್ವರ ಬಂತು. ಎದೆಗೆ ಇಳಿಯಿತು. ಆಳುಗಳ ಪಟ್ಟಿ ಬರೆಯುತ್ತಾ ಮಲಗಿದವನು ನಾಲ್ಕನೆಯ ದಿನ ಬೆಳಿಗ್ಗೆ, ದೊಡ್ಡ ಕೋಣೆಯ ಮಂಚದ ಮೇಲೆ, ಪಟ್ಟಿ ಮುಗಿಸದೆ ಹೋಗಿಬಿಟ್ಟ. ನಲವತ್ತೆಂಟು ವರ್ಷ.

ಊರು ಬಂತು, ಅತ್ತಿತು, ಮಣ್ಣು ಮಾಡಿತು, ಮನೆಗೆ ಹೋಯಿತು. ಅತ್ತೆ ಎದೆ ಬಡಿದುಕೊಂಡು ಅತ್ತರು. ಒಬ್ಬಳೇ ಮಗಳು, ಹದಿಮೂರರವಳು, ಹಸುವಿನ ಕೊರಳು ತಬ್ಬಿಕೊಂಡು ಅತ್ತಳು. ಬೀಗದಕ್ಕ ಬಂದವರಿಗೆ ಚಹಾ ಮಾಡಿದಳು. ಅಳು ಬರಲಿಲ್ಲ. ಬರಲಿ ಎಂದು ಕಾದಳು ಅಂತಲೂ ಇಲ್ಲ. ಲೋಟ ಎಷ್ಟು ಬೇಕಾದೀತು ಎಂದು ಎಣಿಸಿದಳು, ಸಾಲದ್ದಕ್ಕೆ ಪಕ್ಕದ ಮನೆಯಿಂದ ತರಿಸಿದಳು.

ಹದಿನೇಳನೆಯ ದಿನಕ್ಕೆ ವರ್ಷದ ಮೊದಲ ಬಾಡಿಗೆಯವರು ಬರುವವರಿದ್ದರು, ಬೇಡವೆಂದು ಹೇಳಿದರೆ ವರ್ಷದ ಅನ್ನ ಎಲ್ಲಿಂದ? ಪ್ರತಿ ವರ್ಷದಂತೆ ಗೋಡೆಯ ಫೋಟೋ ಇಳಿಸಿದಳು, ಬಟ್ಟೆಗಳನ್ನು ಪೆಟ್ಟಿಗೆಗೆ ಹಾಕಿದಳು. ಗಂಡನ ದಪ್ಪ ಕೋಟು, ಕ್ಷೌರದ ಡಬ್ಬಿ, ಅಂಗಳದ ಚಪ್ಪಲಿ, ಎಲ್ಲವೂ ಪ್ರತಿ ವರ್ಷ ಹೋಗುವ ಪೆಟ್ಟಿಗೆಗೇ ಹೋದವು. ಹಾಸಿಗೆಯನ್ನು ಬಿಸಿಲಿಗೆ ಹಾಕಿ ಬಡಿದಳು. ಹೊದಿಕೆ ಕುದಿಸಿದಳು. ಇಪ್ಪತ್ತೆರಡು ವರ್ಷ ಮಾಡಿದ ಕೆಲಸ ತಾನೇ ತನ್ನನ್ನು ಮಾಡಿಕೊಂಡಿತು. ಮುಗಿದಾಗ ಮನೆ ಯಾರೂ ಸತ್ತಿರದ ಮನೆಯಂತೆ, ಯಾರೂ ಬದುಕಿಯೇ ಇರದ ಮನೆಯಂತೆ ಚೊಕ್ಕಟವಾಗಿತ್ತು.

"ಯಜಮಾನರು ಕಾಣ್ತಿಲ್ಲ?"

"ಮೇಲೆ ಹೋಗಿದ್ದಾರೆ. ಹಿಮ ಬೀಳೋ ಹೊತ್ತಿಗೆ ಬರ್ತಾರೆ."

ಸುಳ್ಳು ಹೇಳಿದೆ ಅನ್ನಿಸಲೇ ಇಲ್ಲ. ಬೇಸಿಗೆಯಲ್ಲಿ ಗಂಡ ಇರುವುದಿಲ್ಲ ಅನ್ನುವುದು ಅವಳ ಮೈಗೆ ಹೊಸತಲ್ಲವಲ್ಲ. ಅಟ್ಟದಲ್ಲಿ ಅವನ ಜಾಗವೆಂದು ಒಂದು ಎಂದೂ ಇರಲಿಲ್ಲ, ಖಾಲಿಯಾಗುವುದಕ್ಕೆ. ಇಸ್ತ್ರಿ ಪೆಟ್ಟಿಗೆ ಬೆರಳಿಗೆ ತಾಗಿ ಬೊಬ್ಬೆ ಎದ್ದರೆ, ಅದನ್ನು ಮತ್ತೊಬ್ಬರ ಬೆರಳಿನಂತೆ ನೋಡುತ್ತಿದ್ದಳು. ಊಟ ಮಾಡಿದೆಯಾ ಎಂದು ಮಗಳು ಕೇಳಿದರೆ ತಟ್ಟೆ ತೊಳೆದಿದೆಯೋ ಇಲ್ಲವೋ ನೋಡಿ ಉತ್ತರ ಹೇಳುತ್ತಿದ್ದಳು. ನಲ್ಲಿಯ ಹತ್ತಿರ ಹೆಂಗಸರು, "ಕಲ್ಲು ಕಣೇ ಅದು. ಒಂದು ಹನಿ ಕಣ್ಣೀರು ನೋಡಿದ್ದೀಯಾ?" ಎಂದು ಗುಸುಗುಸು ಮಾಡಿದರು. ಅತ್ತೆಯ ಕಿವಿಗೆ ಬಿತ್ತು. "ಕಲ್ಲಾದ್ರೆ ನಿಮಗೇನು? ನಿಮ್ಮ ತಲೆ ಮೇಲೆ ಬಿತ್ತಾ?" ಎಂದು ಅತ್ತೆ ಕೊಡ ಎತ್ತಿಕೊಂಡು ಬಂದರು.

ಬೇಸಿಗೆ ಹೀಗೆ ಕಳೆಯಿತು. ಹುಲ್ಲು ಹಳದಿಯಾಯಿತು. ಕೊನೆಯ ಬಾಡಿಗೆಯವರು, ಅವಳಿಜವಳಿ ಮಕ್ಕಳಿದ್ದ ದಂತವೈದ್ಯರ ಸಂಸಾರ, ಮಳೆಯ ಒಂದು ಬೆಳಿಗ್ಗೆ ಕಾರು ಹತ್ತಿದರು. ಉಳಿದ ಒಂಬತ್ತು ಮನೆಯವರು ಆ ವಾರವೇ ಗಂಟು ಹೊತ್ತು ಅಟ್ಟ ಇಳಿದರು. ಅತ್ತೆಯೂ ಕಂಬಳಿ ಮಡಿಸಿ, ಮೊಮ್ಮಗಳ ಪುಸ್ತಕ ಕಟ್ಟಿ, ಕೊಟ್ಟಿಗೆಯ ಬಾಗಿಲಲ್ಲಿ ತಯಾರಾಗಿ ಕೂತರು.

"ಇವತ್ತು ಬೇಡ ಅತ್ತೆ," ಅಂದಳು ಬೀಗದಕ್ಕ. "ಫೋನು ಬಂದಿತ್ತು. ಶನಿವಾರ ಯಾರೋ ಗಂಡಹೆಂಡತಿ ಬರ್ತಾರಂತೆ."

"ಈ ಚಳೀಲಿ? ತಲೆ ಕೆಟ್ಟಿದೆಯಾ ಅವರಿಗೆ?"

"ಹೊಸದಾಗಿ ಮದುವೆಯಾದವರಂತೆ."

"ಹಾಗಾದ್ರೆ ಕೆಟ್ಟಿರತ್ತೆ," ಎಂದು ಅತ್ತೆ ಕಂಬಳಿ ಬಿಚ್ಚಿದರು.

ಫೋನು ಬಂದಿರಲಿಲ್ಲ. ಆ ಮಾತು ತನ್ನ ಬಾಯಿಂದ ಹೇಗೆ ಬಂತು ಎಂದು ಅವಳಿಗೇ ತಿಳಿಯಲಿಲ್ಲ. ಗೊತ್ತಿದ್ದದ್ದು ಇಷ್ಟೇ: ಮನೆ ಸೇರಿದರೆ ಫೋಟೋ ಗೋಡೆಗೆ ಏರಬೇಕು, ಪೆಟ್ಟಿಗೆ ತೆಗೆಯಬೇಕು, ಕೋಟನ್ನು ಮೊಳೆಗೆ ತೂಗುಹಾಕಬೇಕು. ಆಮೇಲೆ ಹಿಮ ಬೀಳುತ್ತದೆ. ಆಮೇಲೆ ಯಾರೂ ಇಳಿದು ಬರುವುದಿಲ್ಲ. ಅಲ್ಲಿಗೆ ಯೋಚನೆ ನಿಂತುಬಿಡುತ್ತಿತ್ತು, ಬಸ್ಸಿನ ಹಾಗೆ.

ಶನಿವಾರ ಹೋಗಿ ಒಲೆ ಹಚ್ಚಿದಳು. ಹಾಸಿಗೆ ಹಾಸಿದಳು, ಮೇಜಿನ ಮೇಲೆ ಎರಡು ಲೋಟ ಬೋರಲು ಹಾಕಿದಳು. ಸಂಜೆ ಬಸ್ಸು ಬಂತು. ಅಂಚೆಚೀಲ ಮತ್ತು ಒಂದು ಕೋಳಿಪಂಜರ ಇಳಿದವು. "ಮುಂದಿನ ವಾರ ಬರ್ತಾರಂತೆ," ಎಂದಳು ಅತ್ತೆಗೆ. ಮುಂದಿನ ವಾರ ಹೆಂಡತಿಗೆ ಹುಷಾರಿಲ್ಲ ಎಂದಳು. ಅದರ ಮುಂದಿನ ವಾರ ಅವರ ಬದಲು ಬೇರೆಯವರು, ಒಬ್ಬ ಮೇಷ್ಟ್ರು, ಪುಸ್ತಕ ಬರೆಯಲು ಬರುತ್ತಾರೆ ಎಂದಳು. ಮನೆಯೊಳಗೆ ಒಲೆ ಯಾರಿಗೂ ಅಲ್ಲದೆ ಉರಿಯಿತು. ಕೊಟ್ಟಿಗೆಯ ಅಟ್ಟದಲ್ಲಿ ಹಲಗೆ ಸಂದಿಯಿಂದ ಗಾಳಿ ಚೂರಿ ಹಾಕಿತು. ಅಲ್ಲಿದ್ದದ್ದು ತಗಡಿನ ಒಂದು ಕೆಂಡದ ಒಲೆ, ಅದು ಚಹಾ ಕಾಯಿಸುವುದಕ್ಕೆ ಸಾಕು, ಮನುಷ್ಯರನ್ನು ಕಾಯಿಸುವುದಕ್ಕಲ್ಲ. ಮಗಳಿಗೆ ಕೆಮ್ಮು ಹತ್ತಿತು. ಮೊದಲು ಒಣ ಕೆಮ್ಮು, ಆಮೇಲೆ ಪಕ್ಕೆ ಹಿಡಿದುಕೊಂಡು ಕೆಮ್ಮುವ ಕೆಮ್ಮು.

"ಅಮ್ಮ, ಒಂದೇ ಒಂದು ದಿನ ಒಳಗೆ ಮಲಗ್ತೀನಿ. ಮೇಷ್ಟ್ರು ಬರೋದ್ರೊಳಗೆ ಎದ್ದು ಬರ್ತೀನಿ."

"ಮಾತು ಕೊಟ್ಟಿದೀವಿ ಪುಟ್ಟಿ. ಅಜ್ಜಿಯ ಕಟ್ಟಳೆ ಗೊತ್ತಲ್ಲ."

ಅಜ್ಜಿ ಆ ಕಡೆ ಮುಖ ಮಾಡಿ ಮಲಗಿದ್ದರು. ಮೊಮ್ಮಗಳ ಕೆಮ್ಮು ಆ ಮುದುಕಿಯ ಬೆನ್ನಿಗೆ ಬಡಿಯುತ್ತಿತ್ತು. ಇದೇ ಎದೆಯ ಸದ್ದನ್ನು ಆರು ತಿಂಗಳ ಹಿಂದೆ ನಾಲ್ಕು ದಿನ ಕೇಳಿದ್ದರು.

ಗುಟ್ಟು ಒಡೆದವನು ಬಾಡಿಗೆಯವರಿಗೆ ಹಾಲು, ಮೊಟ್ಟೆ ತಂದುಕೊಡುವ ಹಾಲಿನವನು. ಕ್ಯಾನು ಇಳಿಸುತ್ತಾ, "ಏನಜ್ಜಿ, ನಿಮ್ಮ ಬಾಡಿಗೆಯವರು ಎಂಥ ಜನ? ಹಾಲು ಬೇಡ, ಮೊಟ್ಟೆ ಬೇಡ, ಕಸವೂ ಹಾಕಲ್ಲ. ದೆವ್ವಕ್ಕೇನಾದ್ರೂ ಬಾಡಿಗೆ ಕೊಟ್ಟಿದೀರಾ?" ಎಂದ.

"ದೆವ್ವವಾದ್ರೆ ಮುಂಗಡ ಕೊಡತ್ತೆ, ನಿನ್ನ ಹಾಗೆ ಹಾಲಿಗೆ ನೀರು ಹಾಕಲ್ಲ. ಹೋಗು," ಎಂದು ಅತ್ತೆ ಅವನನ್ನು ಸಾಗಹಾಕಿದರು. ಆದರೆ ಕೋಲೂರಿಕೊಂಡು ಮನೆಯ ಸುತ್ತ ಒಂದು ಸುತ್ತು ಬಂದರು. ಒಳಗೆ ಕಾಲಿಡಲಿಲ್ಲ. ಕಿಟಕಿಯ ಗಾಜಿಗೆ ಹಣೆ ಒತ್ತಿ ನೋಡಿದರು. ಬೋರಲು ಹಾಕಿದ ಲೋಟ, ಮಡಿಕೆ ಕೆಡದ ಹೊದಿಕೆ. ಒಲೆಯ ಮುಂದೆ ಸೊಸೆ ನೆಲದ ಮೇಲೆ ಕೂತಿದ್ದಾಳೆ, ಕೈಯಲ್ಲಿ ಒರೆಸುವ ಬಟ್ಟೆ. ಒರೆಸುತ್ತಿಲ್ಲ.

ಬೈದರೆ ಆಗುತ್ತಿತ್ತು. ಬೈಗುಳಕ್ಕೆ ಆ ಬಾಯಲ್ಲಿ ಬರವಿರಲಿಲ್ಲ. ಬಾಗಿಲು ತಳ್ಳಿ ಒಳಗೆ ಹೋದರೂ ಆಗುತ್ತಿತ್ತು, ಮನೆ ಅವರೇ ಕಟ್ಟಿಸಿದ್ದು. ಆದರೆ ಐವತ್ತು ವರ್ಷ ತಾನೇ ಕಾಪಾಡಿದ ಕಟ್ಟಳೆಯನ್ನು ತಾನೇ ಒದೆಯಲು ಕಾಲು ಏಳಲಿಲ್ಲ. ಬೀಗದ ಕೈ ಇಟ್ಟುಕೊಂಡವಳು ಬಾಡಿಗೆಗೆ ಹೋಗಿದೆ ಎಂದರೆ ಹೋಗಿದೆ. ಒಳಗೆ ಹೋಗುವುದಕ್ಕೆ ದಾರಿ ಒಂದೇ.

ಮರುದಿನ ಸಂಜೆ, ಬಸ್ಸು ಬರುವ ಹೊತ್ತಿಗೆ, ಬೀಗದಕ್ಕ ಎಂದಿನಂತೆ ಒಲೆ ಹಚ್ಚಿ ಕೂತಿದ್ದಳು. ಮುಂಬಾಗಿಲು ತಟ್ಟಿದ ಸದ್ದಾಯಿತು. ಊರಲ್ಲಿ ಯಾರೂ ಮುಂಬಾಗಿಲು ತಟ್ಟುವುದಿಲ್ಲ, ಕೂಗುತ್ತಾರೆ. ತೆರೆದಳು.

ಅತ್ತೆ ನಿಂತಿದ್ದರು. ಊರಿಗೆ ಹೋಗುವಾಗ ಹಾಕುವ ಒಳ್ಳೆಯ ಕೋಟು, ತಲೆಗೆ ಬಟ್ಟೆ, ಕೈಯಲ್ಲಿ ಗಂಟು. ಪಕ್ಕದಲ್ಲಿ ಮಗಳು, ಶಾಲೆಯ ಚೀಲ ಬೆನ್ನಿಗೆ, ಮೂಗು ಕೆಂಪು.

"ನಮಸ್ಕಾರ ಕಣಮ್ಮ," ಎಂದರು ಅತ್ತೆ. "ಇಲ್ಲಿ ಮನೆ ಬಾಡಿಗೆಗೆ ಕೊಡ್ತೀರಂತೆ? ನಾವಿಬ್ಬರು. ಒಂದು ಮುದುಕಿ, ಒಂದು ಕೆಮ್ಮು."

ಮಗಳು ನಗು ತಡೆಯಲು ಹೋಗಿ ಕೆಮ್ಮಿದಳು.

ಬೀಗದಕ್ಕ ಬಾಗಿಲು ಬಿಟ್ಟು ಸರಿದು ನಿಂತಳು. ಬಾಡಿಗೆಯವರು ಬಂದರೆ ಸರಿದು ನಿಲ್ಲುವುದು ಅವಳ ಕಾಲಿಗೆ ಗೊತ್ತಿತ್ತು. ನಾಲಿಗೆಗೂ ಗೊತ್ತಿತ್ತು.

"ಒಳಗೆ ಬನ್ನಿ. ಚಪ್ಪಲಿ ಇಲ್ಲಿ. ಇದು ಅಡುಗೆಕೋಣೆ. ಒಲೆಯ ಗಾಳಿಕಿಂಡಿ ಅರ್ಧ ತೆರೆದಿರಬೇಕು, ಪೂರ್ತಿ ಮುಚ್ಚಿದರೆ ಹೊಗೆ ಬರತ್ತೆ. ನಲ್ಲಿ ಎರಡು ಸಲ ಕೆಮ್ಮಿ ಆಮೇಲೆ ನೀರು ಬಿಡತ್ತೆ, ಹೆದರಬೇಡಿ."

"ನಮಗೆ ಅಭ್ಯಾಸ ಇದೆ," ಎಂದರು ಅತ್ತೆ, ಮೊಮ್ಮಗಳ ಕಡೆ ನೋಡಿ. "ಕಿಟಕಿ ಇಷ್ಟು ಚಿಕ್ಕದು ಯಾಕೆ?"

"ಗಾಳಿ ಹೆಚ್ಚು ಈ ಕಡೆ."

"ಈ ಮೆಟ್ಟಿಲು ಯಾರು ಕಟ್ಟಿಸಿದ್ದು? ಏಣಿ ಇದ್ದ ಹಾಗಿದೆ."

"ನಮ್ಮ ಅತ್ತೆ."

"ಬುದ್ಧಿ ಇರಲಿಲ್ವೇನೋ."

"ಇತ್ತು," ಎಂದಳು ಬೀಗದಕ್ಕ, "ಜಾಗ ಇರಲಿಲ್ಲ." ಸ್ವರದಲ್ಲಿ ಏರಿಲ್ಲ, ಇಳಿವಿಲ್ಲ. ದಂತವೈದ್ಯರ ಹೆಂಡತಿಗೆ ಹೇಳಿದ್ದೂ ಹೀಗೆಯೇ.

ಕಂಬಳಿಯಲ್ಲಿ ಕೂತು ಊಟ ಮಾಡುತ್ತಾ ಕೂದಲು ಆರಿಸಿದ ಹಾಗೆ ಅತ್ತೆ ಒಂದೊಂದಕ್ಕೂ ಹೆಸರಿಟ್ಟರು. ಕುರ್ಚಿ ಕುಂಟು, ಕನ್ನಡಿ ಮಬ್ಬು, ಪಾತ್ರೆಯ ಹಿಡಿ ಸಡಿಲ. ಬಾಡಿಗೆಯವರು ಹೀಗೇ ಎಂದು ಐವತ್ತು ವರ್ಷ ಬೈದದ್ದನ್ನೆಲ್ಲ ಈಗ ತಾವೇ ಅಂದರು. ಮಗಳು ಒಲೆಯ ಹತ್ತಿರ ಬೆಂಚಿನ ಮೇಲೆ ಕೂತು ಅಂಗೈ ಚಾಚಿದಳು. ಉಳಿದಿಬ್ಬರು ದೊಡ್ಡ ಕೋಣೆಗೆ ಬಂದರು. ಅತ್ತೆ ಮಂಚದ ಅಂಚಿಗೆ ಮೆಲ್ಲಗೆ ಕೂತು, ಹಾಸಿಗೆಯನ್ನು ಅಂಗೈಯಲ್ಲಿ ಒತ್ತಿದರು. ಸ್ವಲ್ಪ ಹೊತ್ತು ಅದನ್ನೇ ಸವರಿದರು.

"ಸೌದೆ ಒಡೆಯೋಕೆ ಗಂಡಸರು ಇದ್ದಾರೇನಮ್ಮ? ನನ್ನ ಕೈಲಾಗಲ್ಲ, ಇದು ಚಿಕ್ಕದು. ಯಜಮಾನರು ಕಾಣ್ತಿಲ್ಲ?"

"ಮೇಲೆ ಹೋಗಿದ್ದಾರೆ. ಹಿಮ ಬೀಳೋ ಹೊತ್ತಿಗೆ..."

ಅವಳ ಕಣ್ಣು ಕಿಟಕಿಗೆ ಹೋಯಿತು. ಬೆಳಗಿನಿಂದ ಬೀಳುತ್ತಿದ್ದ ಹಿಮ ಕಿಟಕಿಯ ಅಂಚಿಗೆ ಬಂದು ಕೂತಿತ್ತು. ಅವಳೇ ಅದನ್ನು ಗುಡಿಸಿ ದಾರಿ ಮಾಡಿಕೊಂಡು ಒಳಗೆ ಬಂದಿದ್ದಳು.

"ಬಿದ್ದಾಯ್ತಲ್ಲಮ್ಮ," ಎಂದರು ಅತ್ತೆ, ಮೆಲ್ಲಗೆ.

ಅಡುಗೆಕೋಣೆಯಲ್ಲಿ ಮಗಳು ಕೆಮ್ಮಿದಳು. ಕೆಮ್ಮು ನಿಲ್ಲುವವರೆಗೆ ಇಬ್ಬರೂ ಕಾದರು.

"ಬರೋದಿಲ್ಲ," ಎಂದಳು ಬೀಗದಕ್ಕ. "ಸತ್ತುಹೋದ್ರು. ನೀವು ಕೂತಿದ್ದೀರಲ್ಲ, ಅದೇ ಮಂಚದ ಮೇಲೆ. ಜ್ವರ ಬಂದಿತ್ತು." ಬಾಡಿಗೆಯವರಿಗೆ ತಿಳಿಸಬೇಕಾದ ಇನ್ನೊಂದು ಸಂಗತಿ ಅನ್ನುವ ಹಾಗೆ, ನಿಂತು, ಸೇರಿಸಿದಳು: "ಹಾಸಿಗೆ ಬಿಸಿಲಿಗೆ ಹಾಕಿದೀನಿ. ಹೊದಿಕೆ ಕುದಿಸಿದೀನಿ. ಹೆದರಬೇಡಿ."

ಬಾಡಿಗೆಗೆ ಬಂದ ಮುದುಕಿ ಅಲ್ಲಿಗೆ ಮುಗಿದಳು. ಉಳಿದದ್ದು ತಾಯಿ. ಅತ್ತೆ ಆ ಕುದಿಸಿದ ಹೊದಿಕೆಗೆ ಮುಖ ಒತ್ತಿ, "ಅಯ್ಯೋ ನನ್ನ ಕಂದ, ಒಂದು ವಾಸನೆ ಕೂಡ ಉಳಿಸಿಲ್ವಲ್ಲೇ," ಎಂದು ಅತ್ತರು. ಬೀಗದಕ್ಕ ಗೋಡೆಗೆ ಒರಗಿ ನಿಂತಿದ್ದಳು. ಅಳಬೇಕಿತ್ತು. ಬರಲಿಲ್ಲ. ಬಾಡಿಗೆಯವರಿಗೆ ಹುಷಾರು ತಪ್ಪಿದರೆ ಮಾಡುವುದನ್ನು ಮಾಡಿದಳು: ಹೋಗಿ ಬಿಸಿನೀರು ತಂದು ಕೊಟ್ಟಳು, ಲೋಟದ ಕೆಳಗೆ ತಟ್ಟೆ ಇಟ್ಟು.

ಅತ್ತೆ ಕುಡಿದರು. ತಲೆಬಟ್ಟೆಯಲ್ಲಿ ಮೂಗು ಒರೆಸಿಕೊಂಡರು.

"ಮನೆ ಹಿಡಿಸಿತು," ಎಂದರು. "ಚಳಿಗಾಲ ಪೂರ್ತಿ ಬೇಕು. ಬೀಗದ ಕೈ ಕೊಡು."

ಅವಳು ಸೊಂಟದಿಂದ ಬಿಚ್ಚಿ ಕೊಟ್ಟಳು. ಕೊಟ್ಟ ಮೇಲೆ ಏನು ಮಾಡಬೇಕೋ ಅದನ್ನೂ ಮಾಡಿದಳು. "ಏನಾದ್ರೂ ಬೇಕಾದ್ರೆ ಹಿತ್ತಲ ಕಡೆ ಕೂಗಿ," ಎಂದು ಹೇಳಿ, ಚಪ್ಪಲಿ ಮೆಟ್ಟಿ, ಬಾಗಿಲು ಎಳೆದುಕೊಂಡು ಹಿಮದೊಳಗೆ ಇಳಿದಳು. ಅಂಗಳದ ನಡುವಿನವರೆಗೆ ಹೋದಳು. ಮುಂದೆ ಕೊಟ್ಟಿಗೆ, ಹಿಂದೆ ಮನೆ. ಕಾಲು ನಿಂತಿತು. ತಲೆಯ ಮೇಲೆ, ಭುಜದ ಮೇಲೆ ಹಿಮ ಬೀಳುತ್ತಿತ್ತು, ಕೊಡವಿಕೊಳ್ಳಬೇಕು ಅನ್ನಿಸಲಿಲ್ಲ.

ಮಗಳು ಕಿಟಕಿಯಿಂದ ನೋಡಿ, "ಅಜ್ಜಿ, ಅಮ್ಮ ಅಲ್ಲೇ ನಿಂತುಬಿಟ್ಟಿದ್ದಾಳೆ," ಎಂದಳು.

ಅತ್ತೆ ಬಾಗಿಲಿಗೆ ಬಂದರು. ಅಳು ಒರೆಸಿದ ಮುಖ, ಕೈಯಲ್ಲಿ ಕೀಲಿ.

"ಏ ಹುಡುಗಿ!" ಮದುವೆಯಾದ ವರ್ಷ ಕೂಗುತ್ತಿದ್ದ ಹಾಗೆ ಕೂಗಿದರು. "ಬಾಡಿಗೆಯವಳು ಕರೀತಿದೀನಿ. ಒಳಗೆ ಬಾ."

ಅವಳು ಬರಲಿಲ್ಲ.

"ಬಾಡಿಗೆ ಜಾಸ್ತಿ ಮಾಡ್ತೀಯೇನೋ ಮಾಡ್ಕೋ. ಸೌದೆ ನಾವೇ ಒಡ್ಕೋತೀವಿ, ಮೂರು ಜನ, ಹೇಗೋ ಒಂದು. ಕೋಟು ಗೀಟು ಪೆಟ್ಟಿಗೆ ಗಿಟ್ಟಿಗೆ ಯಾವುದನ್ನೂ ಇವತ್ತು ತೆಗೆಯೋದು ಬೇಡ. ನಾಳೆಯೂ ಬೇಡ. ಬಾ. ಮಗು ಹೆದರ್ಕೊಂಡಿದೆ."

ಬೀಗದಕ್ಕ ತಿರುಗಿದಳು. ತಾನೇ ಮಾಡಿದ ಹೆಜ್ಜೆಗುರುತಿನಲ್ಲಿ ಕಾಲಿಡುತ್ತಾ ಬಂದು, ಹೊಸ್ತಿಲ ಹೊರಗೆ ನಿಂತು ಚಪ್ಪಲಿಯ ಹಿಮ ಬಡಿದಳು. ಒಳಗೆ ಬಂದ ಮೇಲೆ ಎಲ್ಲಿ ಕೂರಬೇಕೆಂದು ತಿಳಿಯದೆ ಅಡುಗೆಕೋಣೆಯ ನಡುವೆ ನಿಂತಳು. ಬೇರೆಯವರ ಮನೆಯಲ್ಲಿ ನಿಂತ ಹಾಗೆ, ಕೈಕಟ್ಟಿ. ಮಗಳು ಬೆಂಚಿನ ಮೇಲೆ ಗೋಡೆಯ ಕಡೆಗೆ ಸರಿದು ಜಾಗ ಮಾಡಿದಳು. ಅತ್ತೆ ಒಲೆಯೊಳಗೆ ಒಂದು ಸೌದೆ ನೂಕಿ, ಗಾಳಿಕಿಂಡಿಯನ್ನು ಬೇಕೆಂದೇ ಪೂರ್ತಿ ಮುಚ್ಚಿಬಿಟ್ಟರು. ಹೊಗೆ ಬಂತು. ಎಲ್ಲರ ಕಣ್ಣಲ್ಲೂ ನೀರು ಬಂತು.

"ಅರ್ಧ ತೆರೆದಿರಬೇಕು ಅತ್ತೆ," ಎಂದು ಬೀಗದಕ್ಕ ಹೋಗಿ ಸರಿಮಾಡಿದಳು. ಆಮೇಲೆ ಮಗಳ ಪಕ್ಕ ಕೂತಳು. ಹುಡುಗಿಯ ಬೆನ್ನಿನ ಮೇಲೆ ಕೈ ಇಟ್ಟಳು. ಕೆಮ್ಮು ಬಂದಾಗಲೆಲ್ಲ ಆ ಬೆನ್ನು ಅಲುಗುವುದು ಕೈಗೆ ತಿಳಿಯುತ್ತಿತ್ತು. ಅಷ್ಟು ತಿಳಿಯುತ್ತಿತ್ತು. ಕೈ ತೆಗೆಯಲಿಲ್ಲ.